ಬಾಗಲಕೋಟೆ ಸೀಮೆಯ ನೀರಿನ ಕಲ್ಲುಗೆಲಸ

ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹರಿಯುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ 6ನೇ ಶತಮಾನದಿಂದ ಈಚೆಗೆ ನೀರಿಗಾಗಿ ಕಟ್ಟಿದ ಕಲ್ಲಿನ ಏರಿ, ಹೊಂಡ, ಪುಷ್ಕರಣಿ, ಬಾವಿ ಮತ್ತು ಪಾವಟಿಗೆಗಳ ಪರಂಪರೆ. ಬಾದಾಮಿಯ ಗುಹೆಗಳು, ಪಟ್ಟದಕಲ್ಲು ಮತ್ತು ಐಹೊಳೆಯ ಗುಡಿಗಳು ಜಗತ್ತಿಗೇ ಗೊತ್ತು. ಆ ಗುಡಿಗಳನ್ನು ನಿಲ್ಲಿಸಿದ ಕೈಗಳೇ ನೀರನ್ನು ನಿಲ್ಲಿಸಲು ಕಟ್ಟಿದ ಕೆಲಸ ಮಾತ್ರ ಗುಡಿಯ ಬದಿಯ ಸಂಗತಿಯಾಗಿ ಉಳಿದಿದೆ. ನೋಡಲು ಬಂದವರು ಹೊಂಡದ ದಂಡೆಯಲ್ಲಿ ನಿಂತು ಗುಡಿಯ ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ಈ ಪರಂಪರೆಗೆ ಒಂದು ವಿಶೇಷವಿದೆ. ಮೂರು ಹೊಳೆಗಳ ನಾಡಾದರೂ ಇಲ್ಲಿನ ಹೆಸರಾದ ಹಳೆಯ ಕಟ್ಟಡಗಳಲ್ಲಿ ಹೊಳೆ ದಾಟಿಸುವ ಸೇತುವೆ ಒಂದೂ ಇಲ್ಲ. ಬೇರೆ ನಾಡುಗಳಲ್ಲಿ ಕಲ್ಲು ನೀರಿನ ಮೇಲೆ ಹಾದು ಆಚೆ ದಡ ಮುಟ್ಟಿತು. ಇಲ್ಲಿ ಅದು ಮೆಟ್ಟಿಲಾಗಿ ನೀರಿನವರೆಗೆ ಇಳಿಯಿತು. ಕಾರಣವನ್ನು ಮಳೆಯ ಲೆಕ್ಕದಲ್ಲೇ ಹುಡುಕಬೇಕು. ಇದು ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ಬಯಲುಸೀಮೆ. ಕೃಷ್ಣೆ ಮಹಾಬಳೇಶ್ವರದಲ್ಲಿ, ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತವೆ. ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ. ಹಾಗಾಗಿ ಇಲ್ಲಿ ಒಂದು ಹನಿ ಬೀಳದ ದಿನವೂ ಘಟ್ಟದ ಮಳೆಗೆ ಹೊಳೆ ಬರುತ್ತದೆ, ದಡ ಮೀರುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಮಾಗಿ ಕಳೆಯುವ ಹೊತ್ತಿಗೆ ಅದೇ ಹೊಳೆಯಲ್ಲಿ ಉಸುಕಿನ ನಡುವೆ ಮಡುಗಳಷ್ಟೇ ಉಳಿಯುತ್ತಿದ್ದವು, ಎತ್ತಿನ ಬಂಡಿ ಗಾಲಿ ನೆನೆಯದಷ್ಟರಲ್ಲಿ ದಾಟುತ್ತಿತ್ತು. ದಾಟುವ ಕಷ್ಟ ನಾಲ್ಕು ತಿಂಗಳದ್ದು, ನೀರಿನ ಕಷ್ಟ ಎಂಟು ತಿಂಗಳದ್ದು. ಇದ್ದ ಕಲ್ಲು, ಇದ್ದ ಕಸುಬು, ಇದ್ದ ಹೊನ್ನನ್ನೆಲ್ಲ ಜನ ಎರಡನೆಯ ಕಷ್ಟಕ್ಕೆ ಸುರಿದರು.

ಕಲ್ಲು

ಬಾದಾಮಿ ಸುತ್ತಿನ ಬೆಟ್ಟಗಳು ಕೆಂಪು ಮರಳುಗಲ್ಲಿನವು. ಭೂವಿಜ್ಞಾನದಲ್ಲಿ ಇವು ಕಲಾದಗಿ ಶಿಲಾಸಮೂಹಕ್ಕೆ ಸೇರುತ್ತವೆ. ಕಲಾದಗಿ ಬಾಗಲಕೋಟೆಯ ಪಶ್ಚಿಮಕ್ಕಿರುವ ಊರು. ಈ ಕಲ್ಲು ಹಾಸುಹಾಸಾಗಿ, ಅಡ್ಡ ಪದರಗಳಲ್ಲಿ ಕೂತಿದೆ. ಉಳಿ ಹಿಡಿದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಪದರದ ಗುಂಟ ಸೀಳಿದರೆ ಚಪ್ಪಡಿ ತಾನಾಗಿ ಏಳುತ್ತದೆ. ಚಪ್ಪಡಿ ಎದ್ದರೆ ಮೆಟ್ಟಿಲಿಗೂ ಸೈ, ತೊಲೆಗೂ ಸೈ, ಮಾಳಿಗೆಗೂ ಸೈ. ಪೂರ್ವಕ್ಕೆ ಇಳಕಲ್ ಕಡೆ ಹೋದಂತೆ ಕಲ್ಲು ಬದಲಾಗುತ್ತದೆ. ಅಲ್ಲಿನ ಕೆಂಪು ಗ್ರಾನೈಟ್ ಇಂದು ದೇಶ ದಾಟಿ ಮಾರಾಟವಾಗುವ ಸರಕು. ಗಡಸಾದ ಆ ಕಲ್ಲಿಗಿಂತ ಬಾದಾಮಿಯಿಂದ ಆಳಿದ ಚಾಲುಕ್ಯರ ಶಿಲ್ಪಿಗಳಿಗೆ ಹತ್ತಿರವಾದದ್ದು ಮೆದುವಾದ, ಮಾತು ಕೇಳುವ ಮರಳುಗಲ್ಲು.

ಚಾಲುಕ್ಯರ ಕಟ್ಟಡ ಕಂಬ-ತೊಲೆಯ ಕಟ್ಟಡ. ಐಹೊಳೆಯ ಲಾಡಖಾನ ಗುಡಿಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಇಳಿಜಾರು ಮಾಳಿಗೆಯ ಚಪ್ಪಡಿಗಳ ನಡುವಿನ ಸಂದಿಗೆ ಮರದ ತೊಲೆಯಂಥ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಿ, ಮಳೆನೀರು ಒಳಗೆ ಇಳಿಯದಂತೆ ಮಾಡಿದ್ದಾರೆ. ಮರದ ಮನೆಯ ಕಸುಬು ಕಲ್ಲಿಗೆ ಬಂದ ಗುರುತು ಅದು. ಆದರೆ ಕಂಬ-ತೊಲೆಯ ಪದ್ಧತಿಗೆ ಒಂದು ಮಿತಿಯಿದೆ. ಒತ್ತಿದರೆ ಕಲ್ಲು ತಡೆಯುತ್ತದೆ, ಜಗ್ಗಿದರೆ ಬಿರಿಯುತ್ತದೆ. ಎರಡು ಕಂಬಗಳ ಮೇಲೆ ಮಲಗಿದ ತೊಲೆಯ ಅಡಿಭಾಗ ಸದಾ ಜಗ್ಗಿಸಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ತೊಲೆ ಉದ್ದವಾದಷ್ಟೂ ನಡು ಮುರಿಯುವ ಭಯ. ಕಮಾನಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಭಾರವೆಲ್ಲ ಬದಿಯ ದಂಡೆಗೆ ಹೋಗಿ ಕೂಡುತ್ತದೆ.

ಈ ವ್ಯತ್ಯಾಸದ ಫಲ ಕಾಣಬೇಕೆಂದರೆ ಆಟೊಮನ್ ತುರ್ಕರ ಸೇತುವೆಗಳನ್ನು ನೆನೆಯಬೇಕು. ಬೋಸ್ನಿಯಾದ ಮೊಸ್ತಾರ್ ಊರಿನಲ್ಲಿ ನೆರೆತ್ವಾ ನದಿಯ ಮೇಲೆ ಮಿಮಾರ್ ಹೈರುದ್ದೀನನು 1566ರಲ್ಲಿ ಮುಗಿಸಿದ ಸೇತುವೆ ಒಂದೇ ಕಮಾನಿನಲ್ಲಿ ಸುಮಾರು 29 ಮೀಟರ್ ಹಾರುತ್ತದೆ. ಅದೇ ನಾಡಿನ ವಿಶೆಗ್ರಾಡ್‌ನಲ್ಲಿ ದ್ರಿನಾ ನದಿಗೆ ವಾಸ್ತುಶಿಲ್ಪಿ ಸಿನಾನ್ ಹಾಕಿಕೊಟ್ಟ ಸೇತುವೆಗೆ 11 ಕಮಾನುಗಳು. 1993ರ ಯುದ್ಧದಲ್ಲಿ ಉರುಳಿದ ಮೊಸ್ತಾರ್ ಸೇತುವೆಯನ್ನು ಹಳೆಯ ವಿಧಾನದಲ್ಲೇ ಮತ್ತೆ ಕಟ್ಟಿ 2004ರಲ್ಲಿ ತೆರೆದರು. ಇಂದು ಅದನ್ನು ನೋಡಲೆಂದೇ ಜನ ಆ ಊರಿಗೆ ಹೋಗುತ್ತಾರೆ.

ಕಂಬ-ತೊಲೆಯಿಂದಲೂ ಸೇತುವೆ ಆಗುವುದಿಲ್ಲವೆಂದಲ್ಲ, ಹತ್ತಿರ ಹತ್ತಿರ ಕಂಬ ನೆಡಬೇಕು ಅಷ್ಟೆ. ಹಂಪೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯ ಉಳಿಕೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯೂ ಕಂಬ, ಬೋದಿಗೆ, ತೊಲೆಗಳದ್ದೇ. ಅದು ಗುಡಿಯ ಮಂಟಪವನ್ನೇ ಹೊಳೆಗೆ ಅಡ್ಡ ಮಲಗಿಸಿದಂತಿದೆ. ಕೃಷ್ಣೆಯ ಅಗಲಕ್ಕೂ ಸೆಳವಿಗೂ ಈ ಉಪಾಯವನ್ನು ಯಾರೂ ಒಡ್ಡಲಿಲ್ಲ.

ಹೊಳೆ ದಾಟಿದ ಬಗೆ

ಬೇಸಿಗೆಯಲ್ಲಿ ಹೊಳೆ ಹಾಯುವುದು, ಮಳೆಗಾಲದಲ್ಲಿ ಹರಿಗೋಲು. ಬಿದಿರಿನ ಬುಟ್ಟಿಗೆ ಚರ್ಮ ಬಿಗಿದ ಈ ದುಂಡನೆಯ ದೋಣಿ ಸೆಳವಿನಲ್ಲಿ ತಿರುಗುತ್ತ ತಿರುಗುತ್ತ ಆಚೆ ದಡ ಸೇರುತ್ತಿತ್ತು. ಹೊರಟ ತಾವಿಗೆ ನೇರ ಎದುರು ಅಲ್ಲ, ಬಹಳಷ್ಟು ಕೆಳಗೆ. ಹುಟ್ಟು ಹಾಕುವ ಅಂಬಿಗನಿಗೆ ಹೊಳೆಯ ಮಡು, ಬಂಡೆ, ಸುಳಿ ಎಲ್ಲ ಬಾಯಿಪಾಠವಾಗಿರಬೇಕಿತ್ತು. 12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನಂಥವನೊಬ್ಬ ಕಸುಬಿನ ಹೆಸರಿನಿಂದಲೇ ನೆನಪಿನಲ್ಲಿ ಉಳಿದಿರುವುದು ಈ ಬದುಕಿನ ತೂಕವನ್ನು ತೋರಿಸುತ್ತದೆ.

ಹೊಳೆ ಹಾಯುವ ತಾವುಗಳ ಮೇಲೆ ರಾಜ್ಯಗಳ ಹಣೆಬರಹ ನಿಂತದ್ದೂ ಉಂಟು. 1565ರ ಜನವರಿ 23ರಂದು ನಡೆದ ರಕ್ಕಸ-ತಂಗಡಗಿ ಕಾಳಗಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಊರುಗಳು ಕೃಷ್ಣೆಯ ಉತ್ತರ ದಂಡೆಯಲ್ಲಿವೆ. ಈಚೆ ದಂಡೆ ಹುನಗುಂದ ಸೀಮೆ. ಇತಿಹಾಸಕಾರ ಫೆರಿಷ್ತಾ ಹೇಳುವಂತೆ, ಹಾಯಲು ಅನುಕೂಲವಾದ ತಾವನ್ನು ವಿಜಯನಗರದ ಪಡೆ ಕಾಯುತ್ತಿತ್ತು. ಎದುರಾಳಿ ದಖ್ಖನಿನ ಸುಲ್ತಾನರ ಸೇನೆ ಬೇರೆಡೆ ದಾಟುವಂತೆ ನಟಿಸಿ ಮೂರು ದಿನ ದಂಡೆಯ ಗುಂಟ ನಡೆಯಿತು. ಎದುರು ದಡದವರೂ ಕಾವಲು ಬಿಟ್ಟು ಬೆನ್ನು ಹತ್ತಿದರು. ಆಮೇಲೆ ಸುಲ್ತಾನರ ಪಡೆ ತಟ್ಟನೆ ಹಿಂದಿರುಗಿ ಮೊದಲಿನ ತಾವಿನಲ್ಲೇ ಹೊಳೆ ಹಾಯ್ದಿತು. ಮೊಸ್ತಾರ್ ಸೇತುವೆ ಮುಗಿಯಲು ಆಗ ಇನ್ನೊಂದು ವರ್ಷ ಬಾಕಿ ಇತ್ತು. ಅಲ್ಲಿ ಸೇತುವೆಯೊಂದು ಎದ್ದ ಹೊತ್ತಿನಲ್ಲೇ ಇಲ್ಲಿ, ಸೇತುವೆಯಿಲ್ಲದ ಹೊಳೆಯ ದಂಡೆಯಲ್ಲಿ, ಒಂದು ಸಾಮ್ರಾಜ್ಯದ ಗತಿ ತಿರುಗಿತು.

ತುರ್ಕರ ನಂಟು ಈ ಸೀಮೆಗೆ ಪೂರ್ತಿ ಹೊರಗಿನದೂ ಅಲ್ಲ. ಬಾಗಲಕೋಟೆ, ಬಾದಾಮಿ ಪ್ರದೇಶಗಳು ಬಹುಕಾಲ ವಿಜಯಪುರದ ಆದಿಲಶಾಹಿಗಳ ಕೈಯಲ್ಲಿದ್ದವು. ಆ ಮನೆತನದ ಮೂಲಪುರುಷ ಯೂಸುಫ್ ಆಟೊಮನ್ ಸುಲ್ತಾನ ಎರಡನೆಯ ಮುರಾದನ ಮಗ, ಅಣ್ಣ ಪಟ್ಟಕ್ಕೆ ಬಂದಾಗ ತಾಯಿ ಜೀವ ಉಳಿಸಲು ವ್ಯಾಪಾರಿಯೊಬ್ಬನ ಜೊತೆ ಪರ್ಷಿಯಾಕ್ಕೆ ಸಾಗಿಸಿದಳು ಎಂಬ ಕಥೆಯನ್ನು ಅವರ ಆಸ್ಥಾನದಲ್ಲೇ ಇದ್ದ ಫೆರಿಷ್ತಾ ಬರೆದಿದ್ದಾನೆ. ಇಂದಿನ ಇತಿಹಾಸಕಾರರು ಇದನ್ನು ನಂಬುವುದಿಲ್ಲ. ವಂಶಕ್ಕೆ ಮಹಿಮೆ ತರಲು ಹುಟ್ಟಿದ ಕಥೆ ಎನ್ನುವುದೇ ಸರಿ. ಆದರೆ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಗಿರುವ ‘ರೂಮಿ’ ಎಂಬುದು ಕಥೆಯಲ್ಲ. ರೂಮ್ ಎಂದರೆ ತುರ್ಕರ ಅನಾತೋಲಿಯಾ.

ಆದಿಲಶಾಹಿಗಳು ಕಮಾನಿನಲ್ಲಿ ಪಳಗಿದವರು. ಗೋಳಗುಮ್ಮಟವನ್ನು ಎತ್ತಿದವರಿಗೆ ಸೇತುವೆಯ ಕಮಾನು ಅಸಾಧ್ಯವಾಗಿರಲಾರದು. ಹಾಗಿದ್ದೂ ನೀರಿಗಾಗಿ ಅವರು ಕಟ್ಟಿದ ದೊಡ್ಡ ಕಮಾನನ್ನು ನೋಡಲು ವಿಜಯಪುರದ ತಾಜ್ ಬಾವಡಿಗೆ ಹೋಗಬೇಕು. 1620ರ ಆ ಬಾವಿಯ ಬಾಯಿಯಲ್ಲಿ ಎರಡು ಬುರುಜುಗಳ ನಡುವೆ ಭಾರಿ ಕಮಾನು ನಿಂತಿದೆ. ಅದರ ಕೆಳಗೆ ಹಾದು ಮೆಟ್ಟಿಲಿಳಿದರೆ ನೀರು. ಕಮಾನು ಬಂದ ಮೇಲೂ ಈ ಸೀಮೆಯ ದಾರಿ ನೀರಿನ ಕಡೆಗೇ ಇಳಿಯಿತು. ಇದನ್ನು ಆಕಸ್ಮಿಕ ಎನ್ನಲು ಮನಸ್ಸು ಬರುವುದಿಲ್ಲ.

ಬಾದಾಮಿಯ ಅಗಸ್ತ್ಯತೀರ್ಥ

ಈ ಪರಂಪರೆಯ ತಾಯಿಬೇರು ಬಾದಾಮಿ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಕೆಂಪು ಬೆಟ್ಟ. ಪೂರ್ವದಲ್ಲಿ ಎರಡೂ ಕೂಡಿ ಗೋಡೆಯಾಗುತ್ತವೆ, ಪಶ್ಚಿಮಕ್ಕೆ ಮಾತ್ರ ಬಾಯಿ ತೆರೆದಿದೆ. ಆ ಬಾಯಿಗೆ ಏರಿ ಕಟ್ಟಿದರೆ ಬೆಟ್ಟಗಳ ಮೇಲೆ ಬಿದ್ದ ಮಳೆಯೆಲ್ಲ ಒಳಗೇ ನಿಲ್ಲುತ್ತದೆ. ಅಗಸ್ತ್ಯತೀರ್ಥ ಹುಟ್ಟಿದ್ದು ಹೀಗೆ. ಬೋಳುಬಂಡೆ ನೀರು ಹೀರುವುದಿಲ್ಲ, ಬಿದ್ದದ್ದನ್ನು ಬಿದ್ದಂತೆಯೇ ಕೆಳಗಿಳಿಸುತ್ತದೆ. ಮಳೆಗಾಲದಲ್ಲಿ ಜೋರಾಗಿ ಹನಿದರೆ ಬಂಡೆಯಂಚಿನಿಂದ ಅಕ್ಕ-ತಂಗಿ ಜಲಪಾತ ಜೋಡಿಯಾಗಿ ಧುಮುಕುತ್ತದೆ. ಮಳೆ ನಿಂತು ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಆ ಸ್ವಲ್ಪ ಹೊತ್ತನ್ನು ವರ್ಷಕ್ಕೆ ಹಿಗ್ಗಿಸುವುದು ಏರಿಯ ಕೆಲಸ.

ಉತ್ತರದ ಕೋಟೆಯ ಬಂಡೆಯ ಮೇಲೆ ಶಕ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಬಾದಾಮಿಯ, ಬೆಟ್ಟವನ್ನು ಕೋಟೆಯಾಗಿಸಿದ್ದನ್ನು ಅದು ಹೇಳುತ್ತದೆ. ಶತ್ರುಗಳು ಏರಲಾಗದ ಬೆಟ್ಟ ಎಂಬುದೊಂದೇ ರಾಜಧಾನಿಗೆ ಸಾಲದು. ಮುತ್ತಿಗೆ ಬಿದ್ದಾಗ ಒಳಗಿನವರಿಗೆ ಕುಡಿಯಲು ನೀರು ಬೇಕು. ಬಂಡೆಯ ಬಾಯಲ್ಲಿ ತುಂಬುವ ಕೆರೆ, ಬೆಟ್ಟದ ಮೇಲಿನ ಕಣಜ ಮತ್ತು ಕೋಟೆಗೋಡೆಯನ್ನು ಒಟ್ಟಿಗೆ ನೋಡಿದವರಿಗೇ ಪುಲಕೇಶಿಯ ಆಯ್ಕೆಯ ಜಾಣ್ಮೆ ತಿಳಿಯುವುದು.

ಕೆರೆಯ ಪಶ್ಚಿಮದಲ್ಲಿ, ಊರಿನ ಬದಿಗೆ, ಏರಿಯ ಉದ್ದಕ್ಕೂ ಕಲ್ಲಿನ ಪಾವಟಿಗೆಗಳಿವೆ. ಬೆಳಗಿನ ಹೊತ್ತು ಅಲ್ಲಿ ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಮರಳಿ ಬರುತ್ತದೆ. ಗುಹೆಗಳ ಮುಂದೆ ನಿಂತವರಿಗೂ ಕೇಳಿಸುತ್ತದೆ. ಹೀಗೆ ಬಳಕೆಯಲ್ಲಿರುವುದೇ ಈ ಕೆರೆಯ ದೊಡ್ಡಸ್ತಿಕೆ. ದಕ್ಷಿಣದ ಬಂಡೆಯಲ್ಲಿ ನಾಲ್ಕು ಗುಹೆಗಳು. ಮೊದಲನೆಯದರ ಹೊರಗೆ 18 ಕೈಗಳ ನಟರಾಜ, ಕೊನೆಯದು ಜೈನರದು. ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯ ಮಂಗಲೇಶನು ವಿಷ್ಣುವಿನ ಮನೆಯನ್ನು ಕಟ್ಟಿಸಿ, ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟ ಸಂಗತಿ ಅಲ್ಲೇ ಕನ್ನಡದಲ್ಲೂ ಕೆತ್ತಿದೆ. ಆ ಗುಹೆಯ ಕಟ್ಟೆಯಿಂದ ಕೆರೆಯನ್ನು ನೋಡಿದವರು ಕೆಳಗಿಳಿಯಲು ಅವಸರ ಮಾಡುವುದಿಲ್ಲ.

ಪೂರ್ವದ ತುದಿಯಲ್ಲಿ ಭೂತನಾಥ ಗುಡಿ. ಗರ್ಭಗುಡಿ ಬಾದಾಮಿ ಚಾಲುಕ್ಯರದು, ಮುಂದಿನ ತೆರೆದ ಮಂಟಪ ಆಮೇಲೆ ಬಂದ ಕಲ್ಯಾಣ ಚಾಲುಕ್ಯರ ಕಾಲದ್ದು. ಕೆರೆ ತುಂಬಿದಾಗ ನೀರು ಮಂಟಪದ ಬುಡ ಮುಟ್ಟಿ, ಗುಡಿ ತೇಲುತ್ತಿರುವಂತೆ ಕಾಣುತ್ತದೆ. ಇಳಿಹೊತ್ತಿನಲ್ಲಿ ಬಿಸಿಲು ಊರಿನ ಕಡೆಯಿಂದ ನೇರವಾಗಿ ಇದರ ಮೈಮೇಲೆ ಬೀಳುತ್ತದೆ. ಕೆಂಪುಕಲ್ಲು ಆಗ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಅದೇ ದಂಡೆಯ ಈಶಾನ್ಯದ ಬಂಡೆಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯೆಂದು ಹೆಸರಾದ ಈ ಬರಹವನ್ನು ಓದಿದ ಕನ್ನಡಿಗರು ಬಹಳ, ಬಂಡೆಯ ಮೇಲೆ ಕಣ್ಣಾರೆ ಕಂಡವರು ಕಡಿಮೆ. ಬಾದಾಮಿಗೆ ಬಂದು ಇದನ್ನು ನೋಡದೆ ಹೋಗಬಾರದು.

ಕೆರೆಯ ಹೆಸರಿನ ಹಿಂದಿರುವ ಪುರಾಣ ಎಲ್ಲರೂ ಕೇಳಿದ್ದೇ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರಾಗಿಸಿ, ಅಡುಗೆ ಮಾಡಿ ಅತಿಥಿಗಳಿಗೆ ಬಡಿಸಿ, ಆಮೇಲೆ ಹೆಸರು ಹಿಡಿದು ಕೂಗಿ ಹೊಟ್ಟೆ ಬಗೆದು ಹೊರಬರುವಂತೆ ಮಾಡುತ್ತಿದ್ದ. ಅಗಸ್ತ್ಯ ಮುನಿ ಉಂಡು ಅರಗಿಸಿಕೊಂಡ. ಚರಿತ್ರೆಯಲ್ಲಿಯೂ ವಾತಾಪಿ ಒಮ್ಮೆ ನುಂಗಿಹೋಗಿತ್ತು. ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಊರನ್ನು ಹಿಡಿದ. ಅವನ ಶಾಸನದ ತುಣುಕು ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಉಳಿದಿದೆ. ಹನ್ನೆರಡು-ಹದಿಮೂರು ವರ್ಷಗಳ ಬಳಿಕ ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಗೆದ್ದ. ಮುಂದೆ ಮರಾಠರು, ಹೈದರ್ ಮತ್ತು ಟಿಪ್ಪು, ಕೊನೆಗೆ 1818ರಲ್ಲಿ ಥಾಮಸ್ ಮನ್ರೋನ ಪಡೆ, ಒಬ್ಬರಾದ ಮೇಲೊಬ್ಬರು ಈ ಕೋಟೆಗೆ ಬಂದರು. ಎಲ್ಲರೂ ಕುಡಿದದ್ದು ಇದೇ ಕೆರೆಯ ನೀರು.

ಮಹಾಕೂಟ ಮತ್ತು ಕೊಳ್ಳಗಳು

ಬಾದಾಮಿಯ ಬೆಟ್ಟದ ಸಾಲಿನಾಚೆ, ಮರಗಳ ದಟ್ಟ ನೆರಳಿನಲ್ಲಿ ಮಹಾಕೂಟವಿದೆ. ಅಗಸ್ತ್ಯತೀರ್ಥ ಮಳೆಯನ್ನು ನಂಬಿದ್ದು, ಮಹಾಕೂಟದ ವಿಷ್ಣು ಪುಷ್ಕರಣಿ ಚಿಲುಮೆಯನ್ನು ನಂಬಿದ್ದು. ಬೆಟ್ಟದೊಳಗೆ ಇಂಗಿದ ನೀರು ಬುಡದಲ್ಲಿ ಸದಾ ಒಸರುತ್ತದೆ, ಅದಕ್ಕೆ ನಾಲ್ಕು ಬದಿಯಿಂದ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ನೀರಿನ ನಡುವಿನ ಪುಟ್ಟ ಮಂಟಪದಲ್ಲಿ ಪಂಚಮುಖ ಲಿಂಗ. ಬಿರುಬೇಸಿಗೆಯಲ್ಲೂ ಇಲ್ಲಿ ಹುಡುಗರು ಕಟ್ಟೆಯಿಂದ ಜಿಗಿದು ಈಜುತ್ತಾರೆ. ಗುಡಿಯ ಗಂಟೆ ಮತ್ತು ನೀರಿಗೆ ಬೀಳುವ ಸದ್ದು ಒಂದೇ ಅಂಗಳದಲ್ಲಿ ಕೂಡುತ್ತವೆ.

ಮಹಾಕೂಟದಲ್ಲಿ ಮಂಗಲೇಶ ನಿಲ್ಲಿಸಿದ ಧರ್ಮಜಯಸ್ತಂಭ ಇಂದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಮಹಾಕೂಟದಲ್ಲಿಯೇ ಉಳಿದ ಒಂದು ಕನ್ನಡ ಶಾಸನ ಅಷ್ಟೇ ಬೆಲೆಯುಳ್ಳದ್ದು. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಹೊಲ ಕೊಟ್ಟದ್ದನ್ನು ಅದು ದಾಖಲಿಸಿದೆ. ರಾಣಿಯಲ್ಲದ ಹೆಣ್ಣೊಬ್ಬಳು ತನ್ನ ತಾಯಿಯ, ಅಜ್ಜಿಯ ಹೆಸರು ಹೇಳಿಕೊಂಡು ಕಲ್ಲಿನಲ್ಲಿ ನಿಂತಿದ್ದಾಳೆ.

ಬಂಡೆಗಳ ಇಕ್ಕಟ್ಟಿನಲ್ಲಿ ನೀರು ಜಿನುಗುವ ಕಣಿವೆಯನ್ನು ಈ ಭಾಗದಲ್ಲಿ ‘ಕೊಳ್ಳ’ ಎನ್ನುತ್ತಾರೆ. ನಾಗನಾಥಕೊಳ್ಳ, ಹುಲಿಗೆಮ್ಮನಕೊಳ್ಳ, ಐಹೊಳೆ ಬಳಿಯ ಸಿದ್ಧನಕೊಳ್ಳ ಎಂದು ಊರಿಗೊಂದರಂತೆ ಹೆಸರುಗಳಿವೆ. ಬಹುತೇಕ ಎಲ್ಲ ಕೊಳ್ಳದಲ್ಲೂ ಚಾಲುಕ್ಯರ ಒಂದು ಪುಟ್ಟ ಗುಡಿ ಇದ್ದೇ ಇರುತ್ತದೆ. ನಾಗನಾಥಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿಯ ಮೂರ್ತಿ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ಸಿದ್ಧನಕೊಳ್ಳದಲ್ಲಿ ಲಜ್ಜಾಗೌರಿ ಇಂದಿಗೂ ಪೂಜೆಗೊಳ್ಳುತ್ತಾಳೆ, ಮಕ್ಕಳ ಫಲ ಬೇಡಿ ಹೆಣ್ಣುಮಕ್ಕಳು ಬರುತ್ತಾರೆ. ತಾವರೆ ತಲೆಯ, ಹೆರಿಗೆಯ ಭಂಗಿಯ ಈ ತಾಯಿಯನ್ನು ಚಿಲುಮೆಯ ಬದಿಯಲ್ಲೇ ಕೂರಿಸಿದವರಿಗೆ ನೀರು ಮತ್ತು ಬಸಿರು ಬೇರೆ ಬೇರೆಯಾಗಿ ಕಂಡಿರಲಾರವು.

ಬನಶಂಕರಿಯ ಹರಿದ್ರಾತೀರ್ಥ

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಬನಶಂಕರಿ ಗುಡಿಯಿದೆ. ಈಗಿನ ಕಟ್ಟಡ 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ದೇವಿಯ ಸ್ಥಾನ ಅದಕ್ಕಿಂತ ಬಹಳ ಹಳೆಯದು. ಬನಶಂಕರಿಗೆ ಶಾಕಂಬರಿ ಎಂಬ ಹೆಸರೂ ಉಂಟು. ಮಳೆ ಹೋಗಿ ಬರ ಬಿದ್ದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಲೋಕವನ್ನು ಸಾಕಿದವಳು ಎಂಬುದು ಪುರಾಣ. ಬರದ ನಾಡು ಕಟ್ಟಿಕೊಂಡ ದೇವಿ ಹೀಗಲ್ಲದೆ ಹೇಗಿದ್ದಾಳು? ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ಅವಳಿಗೆ ಎಡೆ ಮಾಡುತ್ತಾರೆ.

ಗುಡಿಯ ಎದುರಿನ ಹರಿದ್ರಾತೀರ್ಥ ಒಂದು ಬದಿ ಸುಮಾರು 360 ಅಡಿ ಇರುವ ಚೌಕ ಹೊಂಡ. ಮೂರು ಬದಿಗೆ ಕಲ್ಲುಕಂಬಗಳ ಪಡಸಾಲೆ. ನಡುಹಗಲ ಬಿಸಿಲಿನಲ್ಲೂ ಅಲ್ಲಿ ಕಲ್ಲು ತಂಪಾಗಿರುತ್ತದೆ, ದೂರದಿಂದ ಬಂದವರು ಗಂಟು ಬಿಚ್ಚಿ ಉಣ್ಣುವುದು, ಅಡ್ಡಾಗುವುದು ಅಲ್ಲೇ. ದಂಡೆಯಲ್ಲಿ ನಿಂತ ಕಾವಲು ಗೋಪುರದಲ್ಲಿ ಹಿಂದೂ ಮತ್ತು ಮುಸಲ್ಮಾನ ಶೈಲಿಗಳು ಬೆರೆತಿವೆ. ಹೊಂಡದ ಜೊತೆ ಅಂಟಿಕೊಂಡ ಹರಕೆಯೊಂದಿದೆ: ಹಸುಗೂಸನ್ನು ಬಾಳೆಯ ತೆಪ್ಪದಲ್ಲಿ ಮಲಗಿಸಿ ಈ ನೀರಿನ ಮೇಲೆ ತೇಲಿಸುವುದು. ಇತ್ತೀಚಿನ ವರ್ಷಗಳಲ್ಲಿ ಹೊಂಡ ಒಣಗುವುದು ಹೆಚ್ಚಾಗಿದೆ. ನೀರಿಲ್ಲದ ಹೊಂಡದ ತಳ ಕಂಡ ಭಕ್ತರ ಮುಖದ ಮೇಲಿನ ಕಳವಳವನ್ನು ಬರಿಯ ಸಂಪ್ರದಾಯದ ಚಿಂತೆ ಎಂದು ತಳ್ಳಿಹಾಕಲಾಗದು.

ಬನದ ಹುಣ್ಣಿಮೆಗೆ, ಪುಷ್ಯ ಮಾಸದಲ್ಲಿ, ತೇರು. ತೇರಿನ ಹಗ್ಗ ರೋಣ ತಾಲೂಕಿನ ಮಾಡಲಗೇರಿಯಿಂದ ದೊಡ್ಡ ಗಾಲಿಗಳ ಹಳಿಬಂಡಿಯಲ್ಲಿ ಬರುತ್ತದೆ. ದಾರಿಯಲ್ಲಿ ಅಡ್ಡ ಬರುವ ಮಲಪ್ರಭೆಯನ್ನು ಎತ್ತುಗಳು ದಾಟುವುದನ್ನು ನೋಡಲು ಜನ ದಂಡೆಯಲ್ಲಿ ನೆರೆಯುತ್ತಾರೆ. ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೀಡು ಬಿಟ್ಟು ಬೆಳತನಕ ಆಟ ಆಡುತ್ತವೆ. ಕಟ್ಟಿಗೆಯ ಬಾಗಿಲು-ಚೌಕಟ್ಟಿನ ವ್ಯಾಪಾರಕ್ಕೂ ಈ ಜಾತ್ರೆ ಹೆಸರಾದದ್ದು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸಗಳು ಪಡಸಾಲೆಯ ಕೆಂಪುಕಲ್ಲಿನ ಮುಂದೆ ಕಾಣುವಷ್ಟು ಚೆಂದ ಬೇರೆಲ್ಲೂ ಕಾಣವು.

ಹೊಳೆದಂಡೆಯ ಊರುಗಳು

ಪಟ್ಟದಕಲ್ಲು ಮತ್ತು ಐಹೊಳೆ ಎರಡೂ ಮಲಪ್ರಭೆಯ ದಂಡೆಯವು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಐಹೊಳೆಯ ಮೇಗುತಿ ಬಸದಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಕಟ್ಟಿದವರು ಹೊಳೆಯ ಹತ್ತಿರ ಹೋದರು, ತೀರ ಒಳಗೆ ಹೋಗಲಿಲ್ಲ. ಅವರ ಆ ಅಂದಾಜು ಶತಮಾನಗಳ ಕಾಲ ಕೈಹಿಡಿಯಿತು. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಈ ದಂಡೆಯ ಊರುಗಳನ್ನು ನಡುಗಿಸಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳವೇ ಕೆಂಪು ನೀರಿನ ಮಡುವಾಯಿತು. ಗುಡಿಗಳು ನಿಂತವು, ಸುತ್ತಲಿನ ಮಣ್ಣಿನ ಮನೆಗಳು ಕುಸಿದವು.

ಬಾಗಲಕೋಟೆಯ ಹತ್ತಿರದ ಮುಚಖಂಡಿ ಕೆರೆಯ ಕಲ್ಲಿನ ಒಡ್ಡು ಇವಕ್ಕಿಂತ ಬೇರೆ ಕಾಲದ್ದು, 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷರ ಆಡಳಿತದಲ್ಲಿ ಎದ್ದದ್ದು.

ಕೂಡಲಸಂಗಮ

ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಬಸವಣ್ಣ ಬಾಲ್ಯದಲ್ಲಿ ಕಲಿತದ್ದು, ಕೊನೆಗೆ ಐಕ್ಯವಾದದ್ದು ಇಲ್ಲಿ. ಅವನ ವಚನಗಳ ಅಂಕಿತವೂ ಈ ಊರಿನ ದೇವರದೇ. ದಂಡೆಯ ಮೇಲೆ ಸಂಗಮೇಶ್ವರ ಗುಡಿ, ಹೊಳೆಯೊಳಗೆ ಐಕ್ಯಲಿಂಗ. ಆಲಮಟ್ಟಿ ಅಣೆಕಟ್ಟಿನ ಯೋಜನೆ ಬಂದಾಗ ಐಕ್ಯಸ್ಥಳ ಹಿನ್ನೀರಿಗೆ ಹೋಗುವಂತಿತ್ತು. ಅದನ್ನು ಕಿತ್ತು ಬೇರೆಡೆ ಸಾಗಿಸದೆ, ಸುತ್ತ ಬಾವಿಯಂಥ ಎತ್ತರದ ಗೋಡೆ ಎಬ್ಬಿಸಿ ಇದ್ದಲ್ಲೇ ಉಳಿಸಿದರು. ದಂಡೆಯಿಂದ ಕಾಲುಸೇತುವೆಯ ಮೇಲೆ ನಡೆದುಹೋಗಿ ಮೆಟ್ಟಿಲಿಳಿಯಬೇಕು. ಜಲಾಶಯ ತುಂಬಿದಾಗ ಗೋಡೆಯ ಹೊರಗೆಲ್ಲ ಕೃಷ್ಣೆ, ಒಳಗೆ ತಳದಲ್ಲಿ ಒಣನೆಲದ ಮೇಲೆ ಲಿಂಗ. ಇಳಿಯುವವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಎದುರು ದಂಡೆಯ ತಂಗಡಗಿಯಲ್ಲಿ ಬಸವಣ್ಣನ ಹೆಂಡತಿ ನೀಲಾಂಬಿಕೆಯ ಐಕ್ಯಸ್ಥಳವನ್ನೂ ಹೀಗೆಯೇ ಕಾಪಾಡಿದ್ದಾರೆ. ಕಾಂಕ್ರೀಟಿನ ಕಾಲದ ಕೆಲಸವಾದರೂ ಇದು ಹಳೆಯ ಪರಂಪರೆಯ ನೇರ ಸಂತಾನ: ಸೇತುವೆಯೇನೋ ಬಂದಿದೆ, ಆದರೆ ಅದು ಒಯ್ಯುವುದು ಆಚೆ ದಡಕ್ಕಲ್ಲ, ಕೆಳಕ್ಕೆ.

ಮುಳುಗಡೆ

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಅಣೆಕಟ್ಟು ಪೂರ್ತಿಯಾಗಲು 2005 ಬರಬೇಕಾಯಿತು. ಈಗ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆ ನಾಲ್ಕೂವರೆ ಮೀಟರಿನಲ್ಲಿ ಇನ್ನಷ್ಟು ಹೊಲ-ಮನೆ ಸೇರಿವೆ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಭಾಗಗಳು ಹಿನ್ನೀರಿಗೆ ಹೋದವು, ಜನ ನವನಗರಕ್ಕೆ ಸರಿದರು. ಅಗಲ ರಸ್ತೆ, ಸೆಕ್ಟರುಗಳ ಹೊಸ ಊರಿನಲ್ಲಿ ನೆಲೆಸಿದವರು ಹೋಳಿಯ ಬಣ್ಣಕ್ಕೆ ಮಾತ್ರ ಹಳೆಯ ಊರಿನ ಓಣಿಗಳನ್ನೇ ನೆನೆಯುತ್ತಾರೆ. ‘ಮುಳುಗಡೆ’ ಎಂಬುದು ಈ ಜಿಲ್ಲೆಯಲ್ಲಿ ಒಂದು ಕ್ರಿಯೆಯ ಹೆಸರಲ್ಲ, ಒಂದು ಕಾಲದ ಹೆಸರು. ಮದುವೆ, ಹುಟ್ಟು, ಸಾವುಗಳನ್ನು ಮುಳುಗಡೆಗೆ ಮೊದಲು, ಆಮೇಲೆ ಎಂದು ಎಣಿಸುವವರಿದ್ದಾರೆ.

ನೀರು ಬೇಕೆಂದು ರೈತರೇ ಕಲ್ಲು ಹೊತ್ತ ಕಥೆಯೂ ಈ ಜಿಲ್ಲೆಯದೇ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರು. ಅಗಸ್ತ್ಯತೀರ್ಥದ ಏರಿ ಕಟ್ಟಿದವರ ಹೆಸರು ನಮಗೆ ಸಿಗಲಿಲ್ಲ, ಇವರದು ಸಿಕ್ಕಿದೆ. ನಾಡಿನ ಚರಿತ್ರೆ ಬರೆಯುವವರು ಇದನ್ನು ಗುಡಿ-ಕೋಟೆಗಳ ಸಾಲಿನಲ್ಲೇ ಇಡಬೇಕು.

ನೋಡುವವರಿಗೆ

ಬಾದಾಮಿಗೆ ರೈಲು, ಬಸ್ಸು ಎರಡೂ ಇವೆ. ರೈಲು ನಿಲ್ದಾಣ ಊರಿನಿಂದ ತುಸು ದೂರ. ಭೂತನಾಥದ ದಂಡೆಯಲ್ಲಿರುವ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಗುಹೆಗಳ ಹತ್ತಿರ ಮಂಗಗಳ ಕಾಟ ಹೆಚ್ಚು, ಕೈಯಲ್ಲಿ ತಿಂಡಿ ಹಿಡಿದು ಹತ್ತಬಾರದು. ಬಿಸಿಲು ಹತ್ತುವ ಮುನ್ನ ಗುಹೆಗಳನ್ನು, ಸಂಜೆ ಭೂತನಾಥವನ್ನು ನೋಡುವುದು ವಾಸಿ. ಕೆರೆಯನ್ನು ತುಂಬಿದಂತೆ ಕಾಣಬೇಕಾದರೆ ಮಳೆಗಾಲ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರಬೇಕು. ಏರಿಯ ಪಾವಟಿಗೆ, ನೀರಿಳಿವ ಬಂಡೆಯಂಚು, ಕಪ್ಪೆ ಅರಭಟ್ಟನ ಬಂಡೆ ಇವನ್ನೆಲ್ಲ ಸೇರಿಸಿ ಕೆರೆಯನ್ನು ಒಂದು ಸುತ್ತು ನಡೆಯಲು ಅರ್ಧ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಮಾರನೆಯ ದಿನ ಮಹಾಕೂಟ, ಪಟ್ಟದಕಲ್ಲು, ಐಹೊಳೆ ದಾರಿಯಲ್ಲಿ ಕೂಡಲಸಂಗಮ ತಲುಪಬಹುದು.

ಅಲ್ಲಿಂದ ಬಾಗಲಕೋಟೆಗೆ ಬಂದು ವಿಜಯಪುರದ ಕಡೆ ಹೊರಟರೆ, ಬೀಳಗಿ ತಾಲೂಕಿನ ಕೊರ್ತಿಯ ಬಳಿ ಸುಮಾರು 3 ಕಿ.ಮೀ. ಉದ್ದದ ಸೇತುವೆ ಎದುರಾಗುತ್ತದೆ. ಹಳೆಯ ಕೊಲ್ಹಾರ ಸೇತುವೆ ಹಿನ್ನೀರಿನಲ್ಲಿ ಮುಳುಗಿದ್ದರಿಂದ ಇದು ಬಂತು. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕೃಷ್ಣೆ. ದಾಟಿದರೆ ಕೊಲ್ಹಾರ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಅಲ್ಲಿನ ಗಟ್ಟಿ ಮೊಸರು ಎಲ್ಲೆಡೆ ಹೆಸರಾದದ್ದು. ಊಟದ ಮಾತಿಗೆ ಬಂದರೆ, ಬನಶಂಕರಿಯಲ್ಲಿ ಉಣ್ಣುವವರು ಹೋಟೆಲು ಹುಡುಕಬೇಕಿಲ್ಲ. ಹರಿದ್ರಾತೀರ್ಥದ ಕಟ್ಟೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ. ಖಡಕ್ ಜೋಳದ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಕೆಂಪುಖಾರ, ಮೊಸರು ಬಡಿಸಿ, ‘ಉಣ್ಣ್ರಿ ಯಪ್ಪಾ, ಇನ್ನೊಂದ್ ರೊಟ್ಟಿ ಹಚ್ಕೊಳ್ರಿ’ ಎನ್ನುತ್ತ ಪಕ್ಕದಲ್ಲೇ ಕಲ್ಲಿನ ಮೇಲೆ ಕೂರುತ್ತಾರೆ.